ಬೋಗಣಿ ತುಂಬಿತ್ತು

ನಮ್ಮ ಬೋರ್ಡಿಂಗ್‌ನಲ್ಲಿ ಒಂದು ರಿಜಿಸ್ಟರ್ ಇದೆ. ಊಟ, ನೀರು, ಕ್ಲೀನಿಂಗ್, ವಾಕ್ ಅಂತ ನಾಲ್ಕು ಕಾಲಂ. ರೌಂಡ್ ಮುಗಿದ ಮೇಲೆ ರೈಟ್ ಹಾಕಿ ಸಹಿ ಮಾಡಬೇಕು. ಕಳೆದ ವರ್ಷದ ಏಪ್ರಿಲ್ ಕೊನೆಯ ವಾರದ ಒಂದು ಪುಟದಲ್ಲಿ, ಏಳನೇ ಕೇಜ್ ಮುಂದೆ, ನೀರಿನ ಕಾಲಂನಲ್ಲಿ ಸಾಲಾಗಿ ಐದು ರೈಟ್ ಇವೆ. ನಾಲ್ಕು ನನ್ನವು, ಒಂದು ನೈಟ್ ಹುಡುಗನದ್ದು. ಆ ಐದು ರೈಟ್ ಬೀಳುವಷ್ಟು ಹೊತ್ತು ಆ ಕೇಜಿನ ನಾಯಿ ಹೆಚ್ಚೂಕಡಿಮೆ ಏನೂ ಕುಡಿದಿರಲಿಲ್ಲ.

ನಾನು ಹುಬ್ಬಳ್ಳಿ ಕುಸುಗಲ್ ರೋಡ್ ಕಡೆ ನಾಯಿಗಳ ಬೋರ್ಡಿಂಗ್‌ನಲ್ಲಿ ಕೆಲಸ ಮಾಡುತ್ತೇನೆ. ಏಪ್ರಿಲ್, ಮೇ ಬಂತೆಂದರೆ ನಮಗೆ ಸೀಸನ್. ಮದುವೆ, ಮುಂಜಿವೆ, ಮಕ್ಕಳ ರಜೆ. ಎಲ್ಲರೂ ಊರಿಗೆ ಹೊರಡುತ್ತಾರೆ, ನಾಯಿ ನಮ್ಮಲ್ಲಿಗೆ ಬರುತ್ತೆ. ಹನ್ನೆರಡು ಕೇಜಿಗೆ ನಾವು ಮೂರು ಜನ. ಡಬಲ್ ಡ್ಯೂಟಿ ಇಲ್ಲದ ದಿನವೇ ಇಲ್ಲ.

ಶೇರು ಬಂದಿದ್ದು ಭಾನುವಾರ ಸಂಜೆ. ಲ್ಯಾಬ್ರಡಾರ್ ಜಾತಿ, ನಾವು ಲ್ಯಾಬ್ ಅಂತೀವಿ. ಆರು ವರ್ಷ, 34 ಕೆಜಿ. ಸ್ವಲ್ಪ ಜಾಸ್ತಿಯೇ ತೂಕ. ನವನಗರದ ಹಿರಿಯರೊಬ್ಬರು ಬಿಟ್ಟು ಹೋದರು. ದಿನಾ ಬೆಳಿಗ್ಗೆ ಉಣಕಲ್ ಕೆರೆ ದಂಡೆ ಮೇಲೆ ವಾಕ್, ಎರಡು ಹೊತ್ತು ಊಟ, ಲಸಿಕೆ ಎಲ್ಲಾ ಆಗಿದೆ ಅಂತ ಫಾರ್ಮ್ ತುಂಬಿಸಿ, ಅವನ ತಲೆ ಸವರಿ, ಸಿರಸಿಗೆ ಮದುವೆಗೆ ಹೊರಟರು. ಆವತ್ತು ರಾತ್ರಿ ಒಂದು ಅಡ್ಡಮಳೆ ಬಿತ್ತು. ಧೂಳು ಅಡಗುವಷ್ಟು ಮಾತ್ರ.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಅವರ ಫೋನ್ ಬಂತು.

'ಶೇರೂ ನೀರ ಕುಡದಾನೇನ್ರಿ?'

'ಹೂಂನ್ರಿ ಕಾಕಾರ, ಬೋಗಣಿ ತುಂಬ ಇಟ್ಟೇವ್ರಿ.'

ಅವರು ಕೇಳಿದ್ದು ಕುಡಿದಾನಾ ಅಂತ. ನಾನು ಹೇಳಿದ್ದು ಇಟ್ಟೇವಿ ಅಂತ. ಎರಡೂ ಒಂದೇ ಅಂತ ಆಗ ನನಗೆ ಅನಿಸಿತ್ತು. ಈ ಮಾತು ಈಗಲೂ ರಾತ್ರಿ ಮಲಗಿದಾಗ ನೆನಪಾಗುತ್ತೆ.

ಹನ್ನೊಂದರ ರೌಂಡ್‌ಗೆ ಹೋದಾಗ ಏಳನೇ ಕೇಜಿನ ಬೋಗಣಿ ಕಂಠದ ತನಕ ತುಂಬಿತ್ತು. ಎರಡು ಲೀಟರಿನ ಸ್ಟೀಲ್ ಬೋಗಣಿ. ಬೆಳಿಗ್ಗೆ ಆರಕ್ಕೆ ನಾನೇ ತುಂಬಿಸಿದ್ದೆ. ನೀರು ಇದೆ, ಮತ್ತೆ ತರಬೇಕಿಲ್ಲ ಅಂತ ರೈಟ್ ಹಾಕಿ ಮುಂದೆ ಹೋದೆ. ಪಕ್ಕದ ಕೇಜುಗಳಲ್ಲಿ ಬೋಗಣಿ ಖಾಲಿ ಆಗಿದ್ದವು, ಅವಕ್ಕೆ ತುಂಬಿಸಿದೆ. ನಾಯಿಗೆ ದಿನಕ್ಕೆ ಒಂದು ಕೆಜಿ ತೂಕಕ್ಕೆ ಸುಮಾರು 50ರಿಂದ 60 ಮಿಲಿ ನೀರು ಬೇಕು. ಬಿಸಿಲಲ್ಲಿ ಇನ್ನೂ ಜಾಸ್ತಿ. 34 ಕೆಜಿ ನಾಯಿಗೆ ಎರಡು ಲೀಟರ್ ಬರೀ ಒಂದು ದಿನದ್ದು. ಈ ಲೆಕ್ಕ ನನಗೆ ಗೊತ್ತಿತ್ತು. ಗೊತ್ತಿದ್ದೂ ತುಂಬಿದ ಬೋಗಣಿ ನೋಡಿ ಸಮಾಧಾನ ಪಟ್ಟೆ.

ಎರಡರ ರೌಂಡ್‌ಗೆ ಹೋದಾಗ ಶೇರು ಬಾಯಿ ದೊಡ್ಡದಾಗಿ ತೆರೆದು ಏದುಸಿರು ಬಿಡ್ತಾ ಇದ್ದ. ಲ್ಯಾಬ್ ಅಲ್ವಾ, ನಮ್ಮನ್ನು ಕಂಡ ಖುಷಿಗೆ ಹಾಗೇ ಮಾಡುತ್ತೆ ಅಂದುಕೊಂಡೆ. ನಿಜಕ್ಕೂ ಅವನು ಬಾಲ ಅಲ್ಲಾಡಿಸಿರಲಿಲ್ಲ. ಎದ್ದೂ ಬಂದಿರಲಿಲ್ಲ. ನೋಡಿದ್ದೆ, ಲೆಕ್ಕಕ್ಕೆ ತಗೊಂಡಿರಲಿಲ್ಲ. ಕೂಲರ್ ಓಡ್ತಾ ಇದೆ, ಇನ್ನೇನು ಬೇಕು ಅನ್ನೋ ಧೈರ್ಯ.

ಆ ಕೂಲರ್ ಬಗ್ಗೆ ಹೇಳಲೇಬೇಕು. ನಮ್ಮದು ತಗಡಿನ ಶೆಡ್. ಮೇಲೆ ಎಕ್ಸಾಸ್ಟ್ ಫ್ಯಾನ್ ಹಾಕಿಸಿ ಅಂತ ಎರಡು ವರ್ಷದಿಂದ ಕೇಳ್ತಾ ಇದ್ದೆವು. ಮಾಲೀಕರು ಅದರ ಬದಲು ದೊಡ್ಡ ಕೂಲರ್ ತಂದರು. ಬೊಗಳುವ ಸದ್ದಿಗೆ ಅಕ್ಕಪಕ್ಕದವರು ಜಗಳಕ್ಕೆ ಬಂದಿದ್ದರಿಂದ ಹಿಂದಿನ ಎರಡೂ ಕಿಟಕಿಗೆ ಪ್ಲೈವುಡ್ ಹೊಡೆಸಿದ್ದರು. ಅಂದರೆ ಗಾಳಿ ಒಳಗೆ ಬರೋದಕ್ಕೆ ದಾರಿ ಇತ್ತು, ಹೊರಗೆ ಹೋಗೋದಕ್ಕೆ ಇರಲಿಲ್ಲ. ನಮ್ಮ ಮನೆಯಲ್ಲಿ ಕೂಲರ್ ಹಚ್ಚಿದರೆ ಅವ್ವ ಮೊದಲು ಎದುರಿನ ಕಿಟಕಿ ತೆರೆಯುತ್ತಾಳೆ. ಇಲ್ಲಾಂದ್ರೆ ಹತ್ತು ನಿಮಿಷಕ್ಕೆ ಮೈ ಜಿಗಿಜಿಗಿ. ನಾಯಿಗೆ ಇದು ಇನ್ನೂ ಕಷ್ಟ. ನಮ್ಮ ಹಾಗೆ ಅದಕ್ಕೆ ಮೈಯೆಲ್ಲಾ ಬೆವರಲ್ಲ, ಪಾದದಡಿಯಲ್ಲಿ ಸ್ವಲ್ಪ ಅಷ್ಟೇ. ನಾಲಿಗೆ, ಬಾಯಿಯ ತೇವ ಆರಿದರೇನೇ ಅದರ ಮೈ ತಣಿಯೋದು. ಗಾಳಿಯೇ ಒದ್ದೆ ಆಗಿದ್ದರೆ ಆ ತೇವ ಆರಲ್ಲ. ಎಷ್ಟು ಏದುಸಿರು ಬಿಟ್ಟರೂ ಸುಮ್ನೆ ದಣಿವು, ಆ ದಣಿವಿನಿಂದ ಮತ್ತಷ್ಟು ಕಾವು. ರಾತ್ರಿಯ ಅಡ್ಡಮಳೆಗೆ ಹೊರಗಿನ ಗಾಳಿಯಲ್ಲೂ ತೇವ ಇತ್ತು. ಆವತ್ತು ಶೆಡ್ಡಿನ ಗೋಡೆ ಮುಟ್ಟಿದರೆ ಕೈಗೆ ಅಂಟುತ್ತಿತ್ತು. ಅದನ್ನೂ ತಂಪು ಅಂದುಕೊಂಡಿದ್ದೆ.

ಮೂರು ಹತ್ತಕ್ಕೆ ಕರೆಂಟ್ ಹೋಯಿತು. ಇನ್ವರ್ಟರ್ ಸ್ವಿಚ್ ಹಾಕೋಕೆ ಒಳಗೆ ಹೋದೆ. ಕೂಲರ್ ಸದ್ದು ನಿಂತಿದ್ದರಿಂದ ಏಳನೇ ಕೇಜಿನ ಉಸಿರು ಕೇಳಿಸಿತು. ಗೊರಗೊರ ಅಂತ, ಗರಗಸ ಎಳೆದ ಹಾಗೆ. ಶೇರು ಒಂದು ಮಗ್ಗುಲಾಗಿ ಬಿದ್ದಿದ್ದ. ನಾಲಿಗೆ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು, ತುದಿ ಸೌಟಿನ ಹಾಗೆ ಅಗಲ ಆಗಿತ್ತು. ಜೊಲ್ಲು ದಪ್ಪ ಎಳೆಯಾಗಿ ನೆಲಕ್ಕೆ ಅಂಟಿತ್ತು. ಹೆಸರು ಹಿಡಿದು ಕರೆದೆ. ಕಣ್ಣು ತೆರೆದೇ ಇತ್ತು, ನನ್ನ ಕಡೆ ತಿರುಗಲಿಲ್ಲ. ಒಸಡು ಮುಟ್ಟಿದೆ, ಬೆರಳಿಗೆ ಅಂಟಿತು. ಕುತ್ತಿಗೆಯ ಚರ್ಮ ಎತ್ತಿ ಬಿಟ್ಟರೆ ಮಡಿಕೆ ಹಾಗೇ ನಿಂತಿತು. ಥರ್ಮಾಮೀಟರ್ 107.4 ತೋರಿಸಿತು. ನಾಯಿಗೆ 101ರಿಂದ 102.5 ಇರಬೇಕು.

ಇಬ್ಬರು ಸೇರಿ ಹೊತ್ತು ಹೊರಗಿನ ಬೇವಿನ ಗಿಡದ ಕೆಳಗೆ ಹಾಕಿದೆವು. ನಾನು ಎರಡು ಟವೆಲ್ ಒದ್ದೆ ಮಾಡಿ ಮೈಮೇಲೆ ಹೊದಿಸಿ ಡಾಕ್ಟರಿಗೆ ಫೋನ್ ಹಚ್ಚಿದೆ. ಸ್ಪೀಕರ್‌ನಲ್ಲಿಟ್ಟು ಎಲ್ಲಾ ಹೇಳಿದೆ.

'ಟವೆಲ್ ತಗೀರಿ ಮೊದಲ. ಹೊದಿಸಿದ್ರ ಕಾವು ಒಳಗ ಉಳೀತದ. ನೀರ ಸುರಕೋತ ಇರ್ರಿ, ಜೋಡಿ ಫ್ಯಾನ್ ಹಚ್ಚರಿ. ಬಾಯಾಗ ನೀರ ಹಾಕಬ್ಯಾಡ್ರಿ, ಪುಪ್ಪಸಕ್ಕ ಹೋಗ್ತದ.'

ಟವೆಲ್ ಎತ್ತಿದೆ. ಎರಡು ನಿಮಿಷಕ್ಕೇ ಅದು ಕಾದು ಬಿಸಿ ಆಗಿತ್ತು. ಪೈಪ್ ಹಿಡಿದು ನಲ್ಲಿ ತಿರುವಿದೆ, ಬಂದ ನೀರು ಕೈ ಸುಡುವ ಹಾಗಿತ್ತು. ಪೈಪ್ ಬೆಳಿಗ್ಗೆಯಿಂದ ಬಿಸಿಲಲ್ಲಿ ಬಿದ್ದಿತ್ತು, ಮೇಲಿನ ಟ್ಯಾಂಕಿಗೂ ನೆರಳಿಲ್ಲ. ಅದನ್ನು ಬಿಸಾಕಿ ಸಂಪಿನ ಮುಚ್ಚಳ ತೆಗೆದು ಬಕೆಟ್ಟಿನಿಂದ ಎತ್ತಿ ಎತ್ತಿ ಸುರಿದೆವು. ಹೊಟ್ಟೆಗೆ, ತೊಡೆ ಸಂದಿಗೆ, ಕಂಕುಳಿಗೆ, ಪಾದಕ್ಕೆ. ಇನ್ವರ್ಟರ್ ಲೈನಿನಿಂದ ವೈರ್ ಎಳೆದು ನೀರಿಗೆ ದೂರ ಇರುವ ಹಾಗೆ ಫ್ಯಾನ್ ಇಟ್ಟೆವು. ಈಗಲೇ ಗಾಡಿಗೆ ಹಾಕಿಕೊಂಡು ಬರ್ತೀನಿ ಅಂದೆ. 'ಮೊದಲ ತಂಪ ಮಾಡ್ರಿ, ಆಮ್ಯಾಲೆ ಗಾಡಿ' ಅಂದರು ಡಾಕ್ಟರು. ಆ ಮಾತು ಕೇಳದೆ ಹೊರಟಿದ್ದರೆ ಸರ್ವೋದಯ ಸರ್ಕಲ್ ಟ್ರಾಫಿಕ್‌ನಲ್ಲೇ ಅವನು ಹೋಗುತ್ತಿದ್ದ ಅಂತ ಈಗಲೂ ಅನಿಸುತ್ತೆ.

ಮೂರು ಇಪ್ಪತ್ತೆರಡಕ್ಕೆ 106. ಮೂರು ಮೂವತ್ತಕ್ಕೆ 104.6. ನನ್ನ ಕೈ ನಡುಗಿ ಥರ್ಮಾಮೀಟರ್ ಓದೋಕೆ ಆಗ್ತಿರಲಿಲ್ಲ, ನೈಟ್ ಹುಡುಗ ಓದಿ ಹೇಳುತ್ತಿದ್ದ. ಅದರ ಮಧ್ಯೆ ಕಾಕಾರ ಫೋನ್ ಎರಡು ಸಲ ಬಂತು. ಎತ್ತಲಿಲ್ಲ. ಎತ್ತಿ ಏನು ಹೇಳಲಿ? ಮೂರು ಮೂವತ್ತೆಂಟಕ್ಕೆ 103.4 ಆಯಿತು. ಸಾಕು, ನಿಲ್ಲಿಸ್ರಿ ಅಂದರು ಡಾಕ್ಟರು. ಅಲ್ಲಿಂದ ಮುಂದೆ ತಾನೇ ಇಳಿಯುತ್ತೆ, ಸುರೀತಾ ಹೋದರೆ ಮೈ ಪೂರ್ತಿ ತಣ್ಣಗಾಗಿ ಅದೇ ಇನ್ನೊಂದು ಅಪಾಯ. ಆಗ ಗಾಡಿಗೆ ಹಾಕಿ, ಎಲ್ಲಾ ಗ್ಲಾಸ್ ಇಳಿಸಿ, ಕ್ಲಿನಿಕ್‌ಗೆ ಓಡಿಸಿದೆವು. ದಾರಿಯಿಂದಲೇ ಕಾಕಾರಿಗೆ ಫೋನ್ ಮಾಡಿ ನಡೆದದ್ದು ನಡೆದ ಹಾಗೆ ಹೇಳಿದೆ. ಅವರು ಒಂದೂ ಮಾತಾಡಲಿಲ್ಲ. ಆಮೇಲೆ 'ಬರ್ತೇನ್ರಿ' ಅಂದರು.

ಆರ್‌ಎಲ್ ಸಲೈನ್ ಹಚ್ಚಿದ ಮೇಲೆ ರಾತ್ರಿ ಎಂಟಕ್ಕೆ ಅವನು ತಲೆ ಎತ್ತಿದ. ನಾನು ಗಂಡಾಂತರ ಕಳೀತು ಅಂದುಕೊಂಡೆ. ಕಳೆದಿರಲಿಲ್ಲ. ಕಾವಿಗೆ ಒಳಗಿನ ಅಂಗಗಳಿಗೆ ಬಿದ್ದ ಪೆಟ್ಟು ಎರಡು ಮೂರು ದಿನಕ್ಕೆ ಹೊರಗೆ ಕಾಣುತ್ತಂತೆ. ಮಂಗಳವಾರ ಮಲದಲ್ಲಿ ರಕ್ತ ಬಂತು, ಪ್ಲೇಟ್‌ಲೆಟ್ ಇಳಿಯಿತು. ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ರಿಪೋರ್ಟ್ ಬರುವ ತನಕ ನಾನು ಕ್ಲಿನಿಕ್ ಮೆಟ್ಟಿಲ ಮೇಲೆಯೇ ಕುಳಿತಿದ್ದೆ. ಗುರುವಾರ ಡಾಕ್ಟರು ಇನ್ನು ಹೆದರಬೇಡ್ರಿ ಅಂದರು.

ಶುಕ್ರವಾರ ಕಾಕಾರು ಕರ್ಕೊಂಡು ಹೋಗೋಕೆ ಬಂದಾಗ ಚೀಲದಿಂದ ಒಂದು ಬಾಟಲಿ ತೆಗೆದು, ಕುಕ್ಕರುಗಾಲಲ್ಲಿ ಕುಳಿತು, ಅಂಗೈಯಲ್ಲಿ ನೀರು ಹಾಕಿಕೊಂಡು ಹಿಡಿದರು. ಶೇರು ಲಪಲಪ ಅಂತ ನೆಕ್ಕಿದ. ಮತ್ತೆ ಹಾಕಿದರು, ಮತ್ತೆ ನೆಕ್ಕಿದ. ಬಾಟಲಿ ಅರ್ಧ ಆಗುವ ತನಕ ಯಾರೂ ಮಾತಾಡಲಿಲ್ಲ.

'ಹೊಸ ಜಾಗಾದಾಗ ಇವ ಹಿಂಗ ಕುಡಿಯೋದ್ರಿ. ನೀವು ಕೇಳಲಿಲ್ಲ, ನಾ ಹೇಳಲಿಲ್ಲ.'

ಬಾಟಲಿಯಲ್ಲಿದ್ದದ್ದು ಅವರ ಮನೆಯ ಮಲಪ್ರಭಾ ನೀರು. ನಮ್ಮಲ್ಲಿ ಬೋರ್ ನೀರು, ಸವಳು. ನಮಗೇ ಚಹಾ ರುಚಿಸಲ್ಲ. ಅದರ ಮೇಲೆ ಫಿನೈಲ್ ಹಾಕಿ ತೊಳೆದ ನೆಲ, ಪಕ್ಕದಲ್ಲೇ ಬೋಗಣಿ. ನಾಯಿಯ ಮೂಗಿಗೆ ಅದು ಹೇಗಿರುತ್ತೆ? ನಮ್ಮ ಫಾರ್ಮ್‌ನಲ್ಲಿ ಲಸಿಕೆ, ಊಟ, ಕಚ್ಚುತ್ತಾ ಅಂತೆಲ್ಲಾ ಕೇಳುತ್ತೇವೆ. ಹೇಗೆ ಕುಡಿಯುತ್ತೆ, ಯಾವ ನೀರು ಅಂತ ಒಂದು ಸಾಲು ಇರಲಿಲ್ಲ.

ಈಗ ಇದೆ. ಅದಕ್ಕೂ ಮಾಲೀಕರ ಜೊತೆ ಜಗಳ ಆಡಬೇಕಾಯಿತು, ಫಾರ್ಮ್ ಮತ್ತೆ ಪ್ರಿಂಟ್ ಹಾಕಿಸಬೇಕು ಅಂತ. ಪ್ಲೈವುಡ್ ಅನ್ನು ನಾವೇ ಕಿತ್ತೆವು. ಎಕ್ಸಾಸ್ಟ್ ಒಂದು ಬಂದಿದೆ, ಎರಡು ಬೇಕು. ಮನೆಯಿಂದ ಎರಡು ದಿನದ ನೀರು ತನ್ನಿ ಅಂತ ಬುಕಿಂಗ್‌ನಲ್ಲೇ ಹೇಳುತ್ತೇವೆ, ಆಮೇಲೆ ನಮ್ಮ ಫಿಲ್ಟರ್ ನೀರು ಸ್ವಲ್ಪ ಸ್ವಲ್ಪ ಬೆರೆಸುತ್ತೇವೆ. ಕುಡಿಯದಿದ್ದರೆ ಉಪ್ಪು, ಈರುಳ್ಳಿ ಇಲ್ಲದ ಕೋಳಿ ಬೇಯಿಸಿದ ನೀರು ಎರಡು ಚಮಚ. ವಾಕ್ ಬೆಳಿಗ್ಗೆ ಐದೂವರೆಗೆ. ಸಂಜೆ ರೋಡಿನ ಮೇಲೆ ಅಂಗೈ ಹಿಂಭಾಗ ಏಳು ಸೆಕೆಂಡ್ ಇಟ್ಟು ನೋಡದೆ ಹೊರಗೆ ಬಿಡಲ್ಲ. ಪಗ್, ಬುಲ್‌ಡಾಗ್ ತರಹದ ಚಪ್ಪಟೆ ಮೂಗಿನವನ್ನು ಗಾಳಿ ಬರುವ ಮೊದಲ ಎರಡು ಕೇಜ್ ಬಿಟ್ಟು ಬೇರೆ ಕಡೆ ಇಡಲ್ಲ.

ನೀರಿನ ಕಾಲಂನಲ್ಲಿ ರೈಟ್ ಹಾಕೋದು ನಿಂತಿದೆ. ಅಳತೆ ಮಗ್ಗಿನಿಂದ ಹಾಕುತ್ತೇವೆ, ಉಳಿದದ್ದನ್ನು ಅಳೆದು ಕಳೆದು ಕುಡಿದದ್ದನ್ನು ಬರೆಯುತ್ತೇವೆ. ನಿನ್ನೆ ಎರಡನೇ ಕೇಜಿನ ಪಗ್, 8 ಕೆಜಿ, ಬೆಳಿಗ್ಗೆ ಹನ್ನೊಂದಕ್ಕೆ 60 ಮಿಲಿ ಅಷ್ಟೇ ಕುಡಿದಿತ್ತು. ಅದರ ಮನೆಯವರಿಗೆ ಫೋನ್ ಮಾಡಿ, ಮನೆಯಲ್ಲಿ ಯಾವುದರಲ್ಲಿ ಕುಡಿಯುತ್ತೆ ಅಂತ ಕೇಳಿದೆ. ಮಣ್ಣಿನ ಪರಿಯಾಣ ಅಂದರು. ದುರ್ಗದ ಬೈಲಿಗೆ ಹುಡುಗನ್ನ ಕಳಿಸಿ ಒಂದು ತರಿಸಿದೆ. ಸಂಜೆ ಆರಕ್ಕೆ ಲೆಕ್ಕ 310 ಮಿಲಿ.