ಅಕ್ಕಿ ಬಂತು, ಬೇಳೆ?

ಬೆಳಿಗ್ಗೆ ಅಮ್ಮನ ಜೊತೆ ರೇಷನ್ ಅಂಗಡಿಗೆ ಹೋಗಿದ್ದೆ. ಅವಳ ಹೆಬ್ಬೆಟ್ಟನ್ನು ಮಿಷನ್ ಒಪ್ಪಲೇ ಇಲ್ಲ. ಪಾತ್ರೆ ತಿಕ್ಕಿ ಸವೆದ ಬೆರಳು, ಪಾಪ. ಸೆರಗಿಗೆ ಒರೆಸಿ ಒರೆಸಿ ಒತ್ತಿದಳು. ನಾಲ್ಕನೇ ಸಲಕ್ಕೆ ಸರಿಹೋಯಿತು.

ಸಾಲಲ್ಲಿ ನಿಂತಾಗ 2023ರ ಜುಲೈ ನೆನಪಾಯಿತು. ಅನ್ನಭಾಗ್ಯದಲ್ಲಿ ತಲೆಗೆ ಇನ್ನೂ 5 ಕೆಜಿ ಅಕ್ಕಿ ಕೊಡುತ್ತೇವೆ ಅಂದಿದ್ದರು. ಅಷ್ಟು ಅಕ್ಕಿ ಸಿಗಲಿಲ್ಲ. ಕೆಜಿಗೆ 34 ರೂಪಾಯಿಯಂತೆ 170 ರೂಪಾಯಿ ಖಾತೆಗೆ ಹಾಕಿದರು. ನಾವು ನಾಲ್ಕು ಜನ, ಒಟ್ಟು 680. ಯಾವ ವಾರ ಬರುತ್ತದೋ ಗೊತ್ತಾಗುತ್ತಿರಲಿಲ್ಲ, ಅದು ಬೇರೆ ಮಾತು. ಬಂದ ತಿಂಗಳು ಮಾತ್ರ ತೊಗರಿಬೇಳೆ, ಮೊಟ್ಟೆ ಮನೆಗೆ ಬರುತ್ತಿತ್ತು. ಸಾರು ಗಟ್ಟಿ ಇರುತ್ತಿತ್ತು!

2025ರಲ್ಲಿ ದುಡ್ಡು ನಿಂತು ಮತ್ತೆ ಅಕ್ಕಿಯೇ ಬಂತು. ದುಡ್ಡು ಕೊಟ್ಟರೆ ಕುಡಿದು ಹಾಳು ಮಾಡುತ್ತಾರೆ ಅನ್ನುವವರು ಇದ್ದಾರೆ. ಕೆಲವರು ಮಾಡಿರಬಹುದು. ನಮ್ಮ ಖಾತೆ ಅಮ್ಮನ ಹೆಸರಲ್ಲಿತ್ತು, ಅವಳು ಒಂದು ರೂಪಾಯಿಯನ್ನೂ ಆಚೆ ಈಚೆ ಬಿಟ್ಟವಳಲ್ಲ. ಬರೀ ಅಕ್ಕಿಯಿಂದ ಹೊಟ್ಟೆ ತುಂಬುತ್ತೆ, ಸರಿ. ಮಕ್ಕಳ ಮೈಗೆ ಶಕ್ತಿ ಬರೋಕೆ ಬೇಳೆ, ಸೊಪ್ಪು, ಮೊಟ್ಟೆನೂ ಬೇಕಲ್ವಾ?

ಮೂಟೆ ಸ್ಕೂಟಿ ಮೇಲಿಟ್ಟು ಹೊರಟೆವು. ಅಮ್ಮ ದಾರಿಯಲ್ಲಿ ನಿಲ್ಲಿಸೋಕೆ ಹೇಳಿ, ಪಕ್ಕದ ಮನೆಯವರನ್ನು ಕೇಳಿ ನುಗ್ಗೆಸೊಪ್ಪು ಕಿತ್ತುಕೊಂಡಳು. ಮಧ್ಯಾಹ್ನಕ್ಕೆ ಬಸ್ಸಾರು.