ಉದ್ದನೆಯ ಚಾಲಕನಿಗಾಗಿ ಸೀಟು ತಗ್ಗಿಸುವ ಕೆಲಸ: ತಲೆಯ ಮೇಲಿನ ಜಾಗ 5 ಮಿ.ಮೀ.ನಿಂದ 49ಕ್ಕೆ

ಮೊದಲ ಭಾನುವಾರ

ಕಾರು ಹಳೆಯ ಸಣ್ಣ ಹ್ಯಾಚ್‌ಬ್ಯಾಕ್. ಸೀಟು ಏರಿಳಿಸುವ ಲಿವರ್ ಇಲ್ಲ, ಸೀಟಿನೊಳಗೆ ಏರ್‌ಬ್ಯಾಗ್ ಆಗಲಿ ಸೆನ್ಸರ್ ಆಗಲಿ ಇಲ್ಲ. ಓಡಿಸುವವರು 6 ಅಡಿ 2 ಇಂಚು, 86 ಕೆ.ಜಿ. ನೆತ್ತಿಗೂ ಚಾವಣಿಯ ಬಟ್ಟೆಗೂ ನಡುವೆ ಇದ್ದದ್ದು ಬರೀ 5 ಮಿ.ಮೀ. ಕಲಬುರಗಿಯ ರಿಂಗ್ ರಸ್ತೆಯಲ್ಲಿ ಒಂದು ಹಂಪ್ ದಾಟಿದರೆ ತಲೆ ಬಡಿಯುತ್ತದೆ. ಬಡಿಯಬಾರದೆಂದು ಕತ್ತು ಬಗ್ಗಿಸಿಕೊಂಡರೆ ಅರ್ಧ ಗಂಟೆಯಲ್ಲಿ ಹೆಗಲು ಹಿಡಿದುಕೊಳ್ಳುತ್ತದೆ. ಮೂರು ಬೆರಳು ಅಡ್ಡ ಹಿಡಿಯುವಷ್ಟು, ಅಂದರೆ 50 ಮಿ.ಮೀ. ಆಸುಪಾಸು ಜಾಗ ಬೇಕು.

ಅಳತೆ ಸರಿ ಇಲ್ಲದಿದ್ದರೆ ಮುಂದಿನ ಕೆಲಸವೆಲ್ಲ ದಂಡ. ಶಹಾಬಾದ್ ಕಲ್ಲು ಹಾಸಿದ ಸಮತಟ್ಟಾದ ಅಂಗಳದಲ್ಲಿ ಕಾರು ನಿಲ್ಲಿಸಿ, ನೆತ್ತಿಯ ಮೇಲೆ ರಟ್ಟು ಇಟ್ಟು, ಅಲ್ಲಿಂದ ಚಾವಣಿಗೆ ಸ್ಟೀಲ್ ಪಟ್ಟಿ ಹಿಡಿದು ಅಳೆದದ್ದು. ಕೂತ ಕೂಡಲೇ ಅಳೆಯಬೇಡಿ. ಫೋಮು 15–20 ನಿಮಿಷ ನಿಧಾನವಾಗಿ ಕುಸಿಯುತ್ತಲೇ ಇರುತ್ತದೆ. ನಮ್ಮ ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಅದೇ ಫೋಮು ಮೆತ್ತಗಾಗಿ ಬೇರೆ ಅಂಕಿ ಕೊಡುತ್ತದೆ. ಹಾಗಾಗಿ ಎಲ್ಲ ಅಳತೆಯೂ ಬೆಳಿಗ್ಗೆ 7 ಗಂಟೆಗೆ.

ಪಾನಾ ಮುಟ್ಟುವ ಮೊದಲೇ ಸಿಗುವ ಜಾಗವನ್ನು ತೆಗೆದುಕೊಂಡೆವು. ಹೊರಗೆ ಹಾಕಿಸಿದ್ದ ರೆಕ್ಸಿನ್ ಸೀಟ್ ಕವರಿನ ಒಳಗೆ 12 ಮಿ.ಮೀ. ಸ್ಪಂಜು ಇತ್ತು. ಅದನ್ನು ಬಿಚ್ಚಿದ್ದಕ್ಕೇ 8 ಮಿ.ಮೀ. ಬಂತು. ಎತ್ತರದವರು ದಪ್ಪ ಕವರ್ ಹಾಕಿಸಲೇಬಾರದು. ಆಮೇಲೆ ಬೆನ್ನೊರಗು: ನೆಟ್ಟಗಿನಿಂದ 20 ಡಿಗ್ರಿ ಇದ್ದದ್ದನ್ನು 25ಕ್ಕೆ ಒರಗಿಸಿದರೆ, ಸೊಂಟದಿಂದ ಕತ್ತಿನವರೆಗಿನ ಸುಮಾರು 65 ಸೆಂ.ಮೀ. ಉದ್ದದಲ್ಲಿ 22 ಮಿ.ಮೀ. ಇಳಿಯಬೇಕೆಂದು ಲೆಕ್ಕ. ಅಳೆದಾಗ ಸಿಕ್ಕಿದ್ದು 20. ಆದರೆ ಹೆಗಲು 5 ಸೆಂ.ಮೀ. ಹಿಂದಕ್ಕೂ ಹೋಗುತ್ತದೆ. ಹೆಗಲು ಸೀಟಿಗೆ ತಾಗಿರುವಾಗಲೇ ಕೈ ಚಾಚಿದರೆ ಮಣಿಕಟ್ಟು ಸ್ಟೇರಿಂಗಿನ ಮೇಲಂಚಿನ ಮೇಲೆ ಕೂರಬೇಕು. ಕೂರದಿದ್ದರೆ ಒರಗಿಸಿದ್ದು ಹೆಚ್ಚಾಯಿತು. ಇಲ್ಲಿ ಕೂತಿತು.

ಈಗ ತಲೆಯ ಮೇಲೆ 33 ಮಿ.ಮೀ. ಜಾಗವಾಯಿತು. 50ಕ್ಕೆ ಬೇಕಾದ ಉಳಿದದ್ದನ್ನು ಫೋಮಿನಿಂದಲೇ ತೆಗೆಯಬೇಕು.

ಎರಡನೇ ಭಾನುವಾರ

ಸೀಟಿನ ಕಾಲು ಕತ್ತರಿಸಿ ವೆಲ್ಡ್ ಹೊಡೆಯೋಣ ಎಂಬ ಸಲಹೆ ಯಾವ ಗ್ಯಾರೇಜಿಗೆ ಹೋದರೂ ಬರುತ್ತದೆ. ಒಪ್ಪಬೇಡಿ. ಸೀಟಿನ ಬಲ ಪರೀಕ್ಷಿಸುವ ಯುಎನ್ ಆರ್17 ನಿಯಮದಲ್ಲಿ 20 ಜಿ, ಅಂದರೆ ಗುರುತ್ವಾಕರ್ಷಣೆಯ 20 ಪಟ್ಟು ಹೊಡೆತವನ್ನು ಸೀಟು ತಡೆಯಬೇಕು. 15 ಕೆ.ಜಿ. ಸೀಟು ಆಗ 300 ಕೆ.ಜಿ. ತೂಕದಂತೆ ತನ್ನ ಬೋಲ್ಟುಗಳನ್ನು ಎಳೆಯುತ್ತದೆ. ವೆಲ್ಡಿನ ಕಾವಿಗೆ ಪಕ್ಕದ ತಗಡಿನ ಗುಣವೇ ಕೆಟ್ಟಿರುತ್ತದೆ, ಹರಿಯುವುದು ಅಲ್ಲಿಯೇ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಕೂಡ ಕಂಪನಿಯ ಮೂಲ ವಿವರಕ್ಕೆ ಹೊರತಾದ ಬದಲಾವಣೆಯನ್ನು ತಡೆಯುತ್ತದೆ. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇರುವ ಕಾರಾದರೆ, ಅಡಿಯಲ್ಲಿ ಹಳದಿ ಕನೆಕ್ಟರ್ ಕಂಡರೆ, ಈ ಬರಹದ ಯಾವ ಹೆಜ್ಜೆಯನ್ನೂ ಮನೆಯಲ್ಲಿ ಮಾಡಬೇಡಿ.

ಬ್ಯಾಟರಿಯ ನೆಗೆಟಿವ್ ಬಿಚ್ಚಿ, 14ರ ಪಾನಾದಿಂದ ನಾಲ್ಕು ಬೋಲ್ಟು ತೆಗೆದರೆ ಸೀಟು ಹೊರಗೆ. ಮೂಲ ಕುಶನ್ ಕಟ್ಟಿಟ್ಟು, ಗುಜರಿಯಿಂದ ತಂದ ಅದೇ ಮಾದರಿಯ ಕುಶನ್ ಮೇಲೆ ಕೆಲಸ ಮಾಡಿದೆವು. ಕೆಟ್ಟರೆ ಹಿಂದಿರುಗಲು ದಾರಿ ಇರಬೇಕಲ್ಲ. ಅಡಿಯ ತಂತಿ ಕೊಂಡಿಗಳನ್ನು ಪಕ್ಕಡದಿಂದ ಬಾಗಿಸಿ ಬಿಚ್ಚಿದರೆ ಕವರ್ ಸುಲಿದು ಬರುತ್ತದೆ. ಬಿಚ್ಚುವ ಮೊದಲು ಒಂದು ಫೋಟೋ.

ಕೊಯ್ಯುವುದು ಮೇಲಿನಿಂದಲ್ಲ, ಅಡಿಯಿಂದ. ಮೇಲ್ಭಾಗದಲ್ಲಿ ಕವರ್ ಎಳೆದು ಹಿಡಿಯುವ ತೋಡುಗಳಿವೆ, ಅವು ಹೋದರೆ ಆಕಾರವೇ ಹೋಯಿತು. ಸೀಟಿನ ಮುಂಭಾಗದ 15 ಸೆಂ.ಮೀ. ಮತ್ತು ಎರಡೂ ಪಕ್ಕದ ದಿಂಬುಗಳನ್ನು ಮುಟ್ಟಲೇ ಇಲ್ಲ. ಮುಂದಿನ ಆ ಏರು, ಡಿಕ್ಕಿಯಲ್ಲಿ ಸೊಂಟ ಬೆಲ್ಟಿನಡಿ ಜಾರದಂತೆ ತಡೆಯುವ ಭಾಗ. ಕೂತಾಗ ಎರಡು ಕುಂಡೆಮೂಳೆ ಊರುವ ಕಡೆ ಮಾತ್ರ, 32 × 26 ಸೆಂ.ಮೀ. ಆಯತ ಗುರುತಿಸಿ, ಹೊಸ ಆಕ್ಸಾ ಬ್ಲೇಡಿನಿಂದ 30 ಮಿ.ಮೀ. ಆಳಕ್ಕೆ ಕೊಯ್ದೆವು. ಕಾದ ತಂತಿಯಿಂದ ಕೊಯ್ಯಬೇಡಿ, ಸೀಟಿನ ಫೋಮು ಸುಟ್ಟ ಹೊಗೆ ವಿಷ. ಕೊಯ್ದ ಅಂಚನ್ನು 40ರ ಉಜ್ಜುಕಾಗದದಿಂದ ಇಳಿಜಾರಾಗಿ ತೀಡಬೇಕು. ನೇರ ಗೋಡೆಯಂತೆ ಬಿಟ್ಟರೆ ತೊಡೆಗೆ ಆ ಗೆರೆ ಒತ್ತುತ್ತದೆ. ಮೂಗಿಗೆ ಮಾಸ್ಕ್ ಇರಲಿ.

ಕವರ್ ಹಾಕಿ ಕೂತು ಅಳೆದರೆ ಇಳಿದದ್ದು 9 ಮಿ.ಮೀ. ಮಾತ್ರ.

ತಪ್ಪು ಎಲ್ಲಿತ್ತು ಎಂದರೆ ಕವರಿನಲ್ಲಿ. ಅದು ಹಲಗೆ ವಾದ್ಯದ ಚರ್ಮದಂತೆ ಬಿಗಿದಿತ್ತು, ಭಾರವನ್ನು ತಾನೇ ಹೊತ್ತು ಫೋಮನ್ನು ಕೆಳಗಿಳಿಯಗೊಡಲಿಲ್ಲ. ನಡುವಿನ ತೋಡಿನ ತಂತಿಯನ್ನು ಇನ್ನೂ ಕೆಳಕ್ಕೆ ಎಳೆದು ಕಟ್ಟಿ, ಹಿಂದಿನ ಕೊಂಡಿಗಳನ್ನು 15 ಮಿ.ಮೀ. ಸಡಿಲಿಸಿದ ಮೇಲೆ 16 ಮಿ.ಮೀ. ಇಳಿಯಿತು. 30 ಕೊಯ್ದರೂ 30 ಇಳಿಯುವುದಿಲ್ಲ, ಇದನ್ನು ಮೊದಲೇ ತಿಳಿದಿರಬೇಕು. ಈ ಫೋಮು ಭಾರಕ್ಕೆ ಸುಮಾರು ನೂರಕ್ಕೆ 45ರಷ್ಟು ಒತ್ತಿಕೊಳ್ಳುತ್ತದೆ. 90 ಮಿ.ಮೀ. ಇದ್ದದ್ದು ಕೂತಾಗ 49 ಆಗುತ್ತಿತ್ತು, 60 ಆದದ್ದು 33 ಆಗುತ್ತದೆ. ಲಾಭ ಆ ಎರಡರ ಅಂತರವಷ್ಟೇ. ಕೊಯ್ದ ದಪ್ಪವನ್ನೇ ಲಾಭವೆಂದು ಎಣಿಸಿದವರು ಕೊಯ್ಯುತ್ತಾ ಹೋಗಿ ಕೊನೆಗೆ ಸ್ಪ್ರಿಂಗ್ ಮೇಲೆ ಕೂರುತ್ತಾರೆ.

ಮೂರನೇ ಭಾನುವಾರ

ಗುಂಡಿ ಬಂದಾಗ ಸ್ಪ್ರಿಂಗಿನ ತಂತಿ ಮೂಳೆಗೆ ತಾಗುತ್ತಿತ್ತು. ಮದ್ದು: ಗಾದಿ ಅಂಗಡಿಯಲ್ಲಿ ಸಿಗುವ ರೀಬಾಂಡೆಡ್ ಫೋಮು, ಚೂರುಗಳನ್ನು ಒತ್ತಿ ಮಾಡಿದ ಬಣ್ಣಬಣ್ಣದ ಗಟ್ಟಿ ಹಾಳೆ, 10 ಮಿ.ಮೀ. ಅದು ಭಾರಕ್ಕೆ ತೀರಾ ಕಡಿಮೆ ಕುಸಿಯುತ್ತದೆ. ಅದರ ಜಾಗಕ್ಕೆ ಮೆತ್ತನೆ ಫೋಮಿನಿಂದ ಇನ್ನೂ 15 ಮಿ.ಮೀ. ಕೊಯ್ದು, ಹಾಳೆಯನ್ನು ಅಡಿಗೆ ಕೂರಿಸಿದೆವು. ರಬ್ಬರ್ ಅಂಟನ್ನು ಎರಡೂ ಮುಖಕ್ಕೆ ತೆಳ್ಳಗೆ ಹಚ್ಚಿ, ಕೈಗೆ ಅಂಟದಷ್ಟು ಆರಿದ ಮೇಲೆ ಒತ್ತಬೇಕು. ಹಚ್ಚಿದ್ದು ಅಂಚಿಗೆ ಮಾತ್ರ. ಮೂಳೆಯಡಿ ಅಂಟು ಬಿದ್ದರೆ ಒಣಗಿ ಗಂಟಾಗುತ್ತದೆ. ಲಾಭ 16ರಲ್ಲೇ ನಿಂತಿತು, ತಂತಿಯ ಚುಚ್ಚು ಹೋಯಿತು. ಒಟ್ಟು 49.

ಬೋಲ್ಟುಗಳನ್ನು ನಾಲ್ಕೂ ಕೈಯಿಂದ ಹಿಡಿಸಿ, ಸರ್ವಿಸ್ ಪುಸ್ತಕದ ಅಂಕಿಗೆ, ಬಿಗಿತ ಅಳೆಯುವ ಟಾರ್ಕ್ ಪಾನಾದಿಂದ ಬಿಗಿದೆವು. ಕನ್ನಡಿ ಮೂರನ್ನೂ ಹೊಸದಾಗಿ ಹೊಂದಿಸಬೇಕಾಯಿತು. ಸೊಂಟದ ಬೆಲ್ಟು ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆಯೇ ಕೂರುತ್ತದೆ. ತಲೆದಿಂಬು ಮೊದಲು ಕಿವಿಯ ಮಟ್ಟಕ್ಕಿಂತ ಕೆಳಗಿತ್ತು, ಈಗ ಮೇಲಂಚು ಕಿವಿಯ ತುದಿಗೆ ಸಮ. ಹಿಂದಿನಿಂದ ಗುದ್ದಿದರೆ ಕತ್ತು ಉಳಿಸುವುದು ಅದೇ, ಹಾಗಾಗಿ ಇದು ಚಾವಣಿಯ ಜಾಗದಷ್ಟೇ ದೊಡ್ಡ ಲಾಭ.

ಸೇಡಂವರೆಗೆ ಹೋಗಿ ಬಂದಾಗ ತಲೆ ಒಮ್ಮೆಯೂ ತಾಗಲಿಲ್ಲ. ಬಲ ತೊಡೆಯಡಿ ಸ್ವಲ್ಪ ಒತ್ತು ಉಳಿದಿದೆ. ಆ ಬದಿಯ ಇಳಿಜಾರನ್ನು ಇನ್ನೆರಡು ಸೆಂ.ಮೀ. ಹೊರಕ್ಕೆ ತೀಡಬೇಕು. 500 ಕಿ.ಮೀ. ಆದ ಮೇಲೆ ಬೋಲ್ಟು ಮತ್ತು ಫೋಮಿನ ಅಳತೆ ಇನ್ನೊಮ್ಮೆ, ಬೆಳಿಗ್ಗೆ 7ಕ್ಕೇ.