ಮೋರೇರ ಮನೆಯ ತೂತು

ಹಿರೇಬೆಣಕಲ್ ಬೆಟ್ಟ ಹತ್ತುವಾಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ: ಬಿಸಿಲೇರುವ ಮೊದಲು ಇಳಿದುಬಿಡಬೇಕು. ಗಂಗಾವತಿ ಕಡೆಯ ಬಂಡೆಗಳು ಬೇಗ ಕಾಯುತ್ತವೆ. ದಾರಿ ತೋರಿಸಲು ಬಂದ ಅಜ್ಜ ಮಾತ್ರ ಚಪ್ಪಲಿ ಕೈಯಲ್ಲಿ ಹಿಡಿದು ಸರಸರ ಏರುತ್ತಿದ್ದರು. "ಮೋರೇರ ಮನಿ ಅದಾವ್ರೀ ಮ್ಯಾಲ. ಮೂರಡಿ ಮಂದಿ ಇದ್ರಂತ" ಅಂದರು.

ಮೇಲೆ ಹೋದರೆ ನಿಜಕ್ಕೂ ಒಂದು ಓಣಿಯ ಹಾಗೇ ಇದೆ. ಸುತ್ತ ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಕಲ್ಮನೆಗಳು. ಕೆಲವು ನನಗಿಂತ ಎತ್ತರ, ಕೆಲವು ಮೊಣಕಾಲುದ್ದ. ಬಿದ್ದವು, ವಾಲಿದವು ಎಲ್ಲ ಸೇರಿ ಸುಮಾರು 400. ಮನೆ ಅಂದರೂ ಇವು ಸತ್ತವರಿಗೆ ಕಟ್ಟಿದ ಗೋರಿಗಳು, ಎರಡು ಸಾವಿರ ವರ್ಷಕ್ಕಿಂತ ಹಳೆಯವು. ಎಷ್ಟೋ ಮನೆಗಳ ಗೋಡೆಯಲ್ಲಿ ದುಂಡನೆಯ ತೂತು. ಕುಳ್ಳರ ಕಥೆ ಹುಟ್ಟಿದ್ದು ಇದರಿಂದಲೇ ಇರಬೇಕು, ಅಲ್ವಾ?

ಒಂದರ ಮುಂದೆ ಕೂತು ಕೈ ಒಳಗೆ ಹಾಕಿದೆ. ಅಂಚು ನುಣುಪಾಗಿತ್ತು. ಒಳಗೆ ಒಣ ಎಲೆ, ತಂಪು. ಕೆಳಗೆ ಬರೀ ಬಂಡೆ. ಹೂಳೋಣ ಅಂದರೆ ಅಲ್ಲಿ ಮಣ್ಣೇ ಇಲ್ಲ!

ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಇಂಥದೇ ತೂತಿನ ಕಲ್ಲುಗೋರಿಗಳನ್ನು ಅಗೆಸಿದ್ದ. ಅವು ನೆಲದೊಳಗಿನವು. ಮಡಕೆ, ಕಬ್ಬಿಣದ ಸಾಮಾನಿನ ಜೊತೆ ಹಲವರ ಎಲುಬು ಒಟ್ಟಿಗೆ ಸಿಕ್ಕವು. ಇಡೀ ದೇಹ ಇಟ್ಟದ್ದಲ್ಲ, ಆಮೇಲೆ ಆಯ್ದು ತಂದ ಎಲುಬು ಅಂತ ಅವನ ತೀರ್ಮಾನ. ಹಾಗಾದರೆ ತೂತು ಸತ್ತವರು ಹೊರಗೆ ಬರೋಕಲ್ಲ. ಇದ್ದವರು ಮತ್ತೆ ಬಂದು ಕೈ ಹಾಕೋಕೆ. ನನಗೆ ಹಾಗೆ ತೋರಿತು.

ತೋರಲು ಕಾರಣ ಅಪ್ಪ. ಮೂರನೇ ದಿನ ಬೂದಿಗೆ ನೀರು ಚಿಮುಕಿಸಿ ಎಲುಬು ಆಯ್ದಿದ್ದೆ. ಇನ್ನೂ ಬೆಚ್ಚಗಿತ್ತು. ಮಡಕೆಯ ಬಾಯಿ ಸಣ್ಣದು. ಉದ್ದದ ತುಂಡೊಂದು ಹೋಗಲೇ ಇಲ್ಲ. ಮುರಿಯಲು ಮನಸ್ಸಾಗದೆ ಓರೆ ಮಾಡಿ, ತಿರುಗಿಸಿ, ಹೇಗೋ ಇಳಿಸಿದೆ. ಪಕ್ಕದವರು "ಬೇಗ, ಬೇಗ" ಅನ್ನುತ್ತಿದ್ದರು. ಈ ಗುಡ್ಡದಲ್ಲೂ ಯಾರೋ ಹೀಗೇ ಕೂತು, ಕೈ ಓರೆ ಮಾಡಿರಬಹುದು.

"ಬರ್ರೀ, ನಗಾರಿ ಕೇಳೀರಂತ" ಅಂದರು ಅಜ್ಜ. ದೊಡ್ಡ ಬಂಡೆಯ ನೆತ್ತಿಯಲ್ಲಿ ನಗಾರಿಯಂತೆ ದುಂಡಗಿರುವ ಕಲ್ಲು. ಹೊಡೆಯೋದು ಬೇಡ ಅನ್ನಿಸಿತು, ಹೇಳಲಿಲ್ಲ. ಅವರು ಹತ್ತಿ, ಕೈಗೆ ಸಿಕ್ಕ ಕಲ್ಲಿನಿಂದ ಮೂರು ಸಲ ಬಡಿದರು. ಎದೆಗೇ ಬಂದು ತಾಗುವ ಸದ್ದು. ಕೆಳಗೆ ಕುರಿ ಮೇಯಿಸುತ್ತಿದ್ದ ಹುಡುಗ ತಲೆ ಎತ್ತಿ ನೋಡಿದ.